ಜರ್ಮನಿಯಲ್ಲಿ ಎಷ್ಟು ರಾಜ್ಯಗಳಿವೆ? ದೊಡ್ಡ ಊರುಗಳು ಯಾವುವು? ಫ್ರಾಂಕ್‌ಫರ್ಟ್ ಯಾವುದರ ರಾಜಧಾನಿ?

ಮಗಳು ಎಂ.ಎಸ್. ಓದಲು ಹೊರಟಿದ್ದಾಳೆ, ಅದಕ್ಕೇ ಕೇಳುತ್ತಿದ್ದೇನೆ ಅಂತ ಬರೆದಿದ್ದೀರಿ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಫ್ರಾಂಕ್‌ಫರ್ಟ್ ಯಾವುದರ ರಾಜಧಾನಿಯೂ ಅಲ್ಲ!

ಮೊದಲ ಸಲ ಹೋಗುವಾಗ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ದೊಡ್ಡ ವಿಮಾನ ನಿಲ್ದಾಣ ಅಲ್ಲಿದೆ, ಮುಗಿಲೆತ್ತರದ ಕಟ್ಟಡಗಳು ಅಲ್ಲಿವೆ, ಯುರೋಪಿನ ಕೇಂದ್ರ ಬ್ಯಾಂಕೂ ಅಲ್ಲೇ ಇದೆ. ಆದರೆ ಅದು ಇರುವ ಹೆಸ್ಸೆ ರಾಜ್ಯದ ರಾಜಧಾನಿ ಪಕ್ಕದ ವೀಸ್‌ಬಾಡೆನ್. ಹೀಗೇ ಇನ್ನೊಂದು: ಎಲ್ಲಕ್ಕಿಂತ ಜಾಸ್ತಿ ಜನ ಇರುವ ರಾಜ್ಯ ನಾರ್ತ್‌ರೈನ್-ವೆಸ್ಟ್‌ಫಾಲಿಯಾ, ಸುಮಾರು 1.8 ಕೋಟಿ. ಅಲ್ಲಿ ದೊಡ್ಡ ಊರು ಕಲೋನ್, ರಾಜಧಾನಿ ಮಾತ್ರ ಡ್ಯೂಸೆಲ್‌ಡಾರ್ಫ್. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಆ ಊರಿನ ಬಿಯರನ್ನು ಈ ಊರಲ್ಲಿ ಕೇಳಿದರೆ ಒಂಥರಾ ನೋಡುತ್ತಾರೆ.

ನಮಗೆ ಎಲ್ಲದಕ್ಕೂ ಬೆಂಗಳೂರು ಅಲ್ವಾ? ವಿಧಾನಸೌಧ, ಹೈಕೋರ್ಟು, ಕೆಲಸ, ವಿಮಾನ ಎಲ್ಲ ಒಂದೇ ಕಡೆ. ಜರ್ಮನಿಯಲ್ಲಿ ಹಾಗಿಲ್ಲ. ಸಂಸತ್ತು ಬರ್ಲಿನ್‌ನಲ್ಲಿ, ಸಂವಿಧಾನದ ಕೋರ್ಟು ಕಾರ್ಲ್ಸ್‌ರೂಹೆಯಲ್ಲಿ, ದುಡ್ಡಿನ ವ್ಯವಹಾರ ಫ್ರಾಂಕ್‌ಫರ್ಟ್‌ನಲ್ಲಿ, ಹಳೆಯ ರಾಜಧಾನಿ ಬಾನ್‌ನಲ್ಲಿ ಈಗಲೂ ಕೆಲವು ಸಚಿವಾಲಯಗಳು. 1871ರವರೆಗೆ ಅದು ಒಂದು ದೇಶವೇ ಆಗಿರಲಿಲ್ಲ. ಸಣ್ಣ ಸಣ್ಣ ರಾಜರು, ಅವರವರ ಅರಮನೆ, ಅವರವರ ಊರು. ಆ ಹಂಚಿಕೆ ಇನ್ನೂ ಉಳಿದಿದೆ.

ಒಟ್ಟು ರಾಜ್ಯಗಳು 16. ಬರ್ಲಿನ್, ಹ್ಯಾಂಬರ್ಗ್, ಬ್ರೆಮೆನ್ ಮೂರೂ ನಗರ-ರಾಜ್ಯಗಳು. ಇದರಲ್ಲಿ ಬ್ರೆಮೆನ್ ಒಂದು ತಮಾಷೆ. ರಾಜ್ಯ ಅಂದರೆ ಎರಡೇ ಊರು, ಬ್ರೆಮೆನ್ ಮತ್ತು ಬ್ರೆಮರ್‌ಹಾಫೆನ್. ನಡುವೆ ಬರುವುದು ಬೇರೆ ರಾಜ್ಯ, ಲೋವರ್ ಸ್ಯಾಕ್ಸನಿ. ದಕ್ಷಿಣದಲ್ಲಿ ಬವೇರಿಯಾ, ವಿಸ್ತೀರ್ಣದಲ್ಲಿ ಇದೇ ದೊಡ್ಡದು, ಮತ್ತು ಬಾಡೆನ್-ವುರ್ಟೆಂಬರ್ಗ್. ಪಶ್ಚಿಮದಲ್ಲಿ ಹೆಸ್ಸೆ, ರೈನ್‌ಲ್ಯಾಂಡ್-ಪಲಾಟಿನೇಟ್, ಸಾರ್‌ಲ್ಯಾಂಡ್, ನಾರ್ತ್‌ರೈನ್-ವೆಸ್ಟ್‌ಫಾಲಿಯಾ. ಉತ್ತರಕ್ಕೆ ಲೋವರ್ ಸ್ಯಾಕ್ಸನಿ ಮತ್ತು ಶ್ಲೆಸ್ವಿಗ್-ಹೋಲ್‌ಸ್ಟೈನ್. ಬ್ರಾಂಡೆನ್‌ಬರ್ಗ್, ಮೆಕ್ಲೆನ್‌ಬರ್ಗ್-ಫೋರ್‌ಪೊಮರ್ನ್, ಸ್ಯಾಕ್ಸನಿ, ಸ್ಯಾಕ್ಸನಿ-ಅನ್‌ಹಾಲ್ಟ್, ಥುರಿಂಗಿಯಾ, ಈ ಐದು ಹಳೆಯ ಪೂರ್ವ ಜರ್ಮನಿಯವು. 1990ರ ಅಕ್ಟೋಬರ್ 3ರಂದು ಎರಡು ಜರ್ಮನಿ ಒಂದಾದಾಗ ಸೇರಿದವು. ಬರ್ಲಿನ್ ಸುತ್ತ ಇರುವುದೆಲ್ಲ ಬ್ರಾಂಡೆನ್‌ಬರ್ಗ್. ಎರಡನ್ನೂ ಒಂದೇ ರಾಜ್ಯ ಮಾಡೋಣ ಅಂತ 1996ರಲ್ಲಿ ಜನಮತ ಕೇಳಿದರು. ಬ್ರಾಂಡೆನ್‌ಬರ್ಗ್‌ನವರು ಬೇಡ ಅಂದರು.

ಜನಸಂಖ್ಯೆ ನೋಡಿದರೆ ಬರ್ಲಿನ್ 35 ಲಕ್ಷ ದಾಟಿದೆ, ಹ್ಯಾಂಬರ್ಗ್ 18 ಲಕ್ಷ ದಾಟಿದೆ, ಮ್ಯೂನಿಕ್ 15 ಲಕ್ಷದ ಆಸುಪಾಸು, ಕಲೋನ್ 10 ಲಕ್ಷದ ಮೇಲೆ. ಆಮೇಲೆ ಫ್ರಾಂಕ್‌ಫರ್ಟ್, ಅದು 8 ಲಕ್ಷವೂ ಇಲ್ಲ. ಇಷ್ಟೇನಾ ಅನಿಸುತ್ತದೆ. ಹತ್ತು ಲಕ್ಷ ದಾಟಿದ ಊರು ಇಡೀ ದೇಶದಲ್ಲಿ ನಾಲ್ಕೇ.

ಈ ರಾಜ್ಯದ ಗೆರೆ ನಕ್ಷೆಯಲ್ಲಿ ಮಾತ್ರ ಇರುವುದು ಅಂದುಕೊಳ್ಳಬೇಡಿ. ನಾನು ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ಮನ್‌ಹೈಮ್‌ನಲ್ಲಿ ಮನೆ ಮಾಡಿದ್ದೆ. ಅದು ಬಾಡೆನ್-ವುರ್ಟೆಂಬರ್ಗ್‌ನ ಅಂಚು. ಊರಿನ ಮಧ್ಯಭಾಗದಲ್ಲಿ ಬೀದಿಗೆ ಹೆಸರೇ ಇಲ್ಲ, ಚೌಕಗಳಿಗೆ ಅಕ್ಷರ, ಅಂಕಿ. 'ಸಿ 4, 12' ಅಂತ ವಿಳಾಸ ಕಳಿಸಿದರೆ ಅಮ್ಮ ಫೋನ್ ಮಾಡಿ "ಇದು ಮನೆಯೋ, ಬಸ್ಸಿನ ಸೀಟೋ?" ಅಂದರು. ಮೊದಲ ವರ್ಷ ಜನವರಿ 6, ವಾರದ ನಡುವಿನ ದಿನ. ಬೆಳಿಗ್ಗೆ ಕಾಫಿಗೆ ಹಾಲಿಲ್ಲ. ಕೆಳಗಿಳಿದರೆ ಅಂಗಡಿ ಎಲ್ಲ ಬಂದ್. ಏನೋ ಗಲಾಟೆ ಆಗಿರಬೇಕು ಅಂತ ಹೆದರಿದೆ. ಪಕ್ಕದ ಮನೆಯ ಅಜ್ಜಿ ನಕ್ಕು, ಇವತ್ತು ನಮಗೆ ಹಬ್ಬ, ಟ್ರಾಮ್ ಹತ್ತಿ ಸೇತುವೆ ದಾಟು ಅಂದರು. ರೈನ್ ನದಿಯ ಆಚೆ ದಡ ಲುಡ್ವಿಗ್ಸ್‌ಹಾಫೆನ್, ರೈನ್‌ಲ್ಯಾಂಡ್-ಪಲಾಟಿನೇಟ್ ರಾಜ್ಯ. ಅಲ್ಲಿ ಅವತ್ತು ರಜೆ ಇಲ್ಲ. ಕೆಲವೇ ನಿಮಿಷದ ದಾರಿ. ಹಾಲು, ಈರುಳ್ಳಿ, ಒಂದು ಮೂಟೆ ಆಲೂಗಡ್ಡೆ ಹೊತ್ತುಕೊಂಡು ಬಂದೆ. ನನ್ನ ಹಾಗೇ ಚೀಲ ಹಿಡಿದವರು ಟ್ರಾಮ್ ತುಂಬ ಇದ್ದರು.

ಇನ್ನೊಂದು ಸುಮ್ನೆ ಹೇಳುತ್ತೇನೆ. ನಮ್ಮ ಕನ್ನಡ ನಿಘಂಟಿನ ಕಿಟೆಲ್ 1832ರಲ್ಲಿ ಹುಟ್ಟಿದ್ದು ಕಡಲ ಕಡೆಯ ರೆಸ್ಟರ್‌ಹಾಫೆಯಲ್ಲಿ, 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಈಗ ಕೇಳಿದರೆ ಲೋವರ್ ಸ್ಯಾಕ್ಸನಿ, ಬಾಡೆನ್-ವುರ್ಟೆಂಬರ್ಗ್ ಅಂತ ಹೇಳಬೇಕು. ಆದರೆ ಅವರ ಕಾಲದಲ್ಲಿ ಆ ಎರಡೂ ರಾಜ್ಯ ಇರಲೇ ಇಲ್ಲ. ಮೊದಲನೆಯದು ಆದದ್ದು 1946ರಲ್ಲಿ, ಎರಡನೆಯದು 1952ರಲ್ಲಿ ಮೂರನ್ನು ಕೂಡಿಸಿ ಮಾಡಿದ್ದು.

ನಿಮಗೆ ಮುಖ್ಯವಾದ ವಿಷಯ ಫೀಸು. ಶಾಲೆ, ವಿಶ್ವವಿದ್ಯಾಲಯ, ಪೊಲೀಸು ಎಲ್ಲ ಅಲ್ಲಿ ರಾಜ್ಯದ ಕೈಯಲ್ಲಿವೆ. ಜರ್ಮನಿಯಲ್ಲಿ ಓದು ಪುಕ್ಕಟೆ ಅನ್ನೋ ಮಾತನ್ನು ಪೂರ್ತಿ ನಂಬಬೇಡಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್‌ಗೆ ಸಣ್ಣ ಮೊತ್ತ ಕಟ್ಟಿದರೆ ಸಾಕು. ಆದರೆ ಬಾಡೆನ್-ವುರ್ಟೆಂಬರ್ಗ್‌ನಲ್ಲಿ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಹಾಕಿದ್ದಾರೆ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಎಲ್ಲ ಇದರೊಳಗೇ ಬರುತ್ತವೆ. ಬವೇರಿಯಾದ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತೀಚೆಗೆ ಶುರು ಮಾಡಿದೆ. ಸೀಟು ಯಾವ ಊರಲ್ಲಿ ಸಿಕ್ಕಿದೆ ಅಂತ ನೀವು ಬರೆದಿಲ್ಲ. ಹೇಳಿದರೆ ಆ ರಾಜ್ಯದ ರಜೆಯ ಪಟ್ಟಿ ಕಳಿಸುತ್ತೇನೆ. ಹಾಲು ಹಿಂದಿನ ದಿನವೇ ತಂದಿಟ್ಟುಕೊಳ್ಳಲಿ.