ಬಾಹ್ಯಾಕಾಶದ ಚಟುವಟಿಕೆಗಳಿಂದ ಆರರಿಂದ ಎಂಟನೇ ತರಗತಿಯವರಿಗೆ ಗಣಿತ ಕಲಿಸುವುದು ಹೇಗೆ?

ಅನುಪಾತದಿಂದ ಶುರುಮಾಡಿ. ಬ್ಯಾಸ್ಕೆಟ್‌ಬಾಲನ್ನು ಭೂಮಿ, ಟೆನಿಸ್ ಚೆಂಡನ್ನು ಚಂದ್ರ ಅಂದುಕೊಂಡು, ಎರಡನ್ನೂ ಎಷ್ಟು ದೂರ ಇಡಬೇಕು ಅಂತ ಮಕ್ಕಳನ್ನೇ ಕೇಳಿ. ಹೆಚ್ಚಿನವರು ಮೊಳ ದೂರದಲ್ಲಿ ಹಿಡಿಯುತ್ತಾರೆ. ಪಠ್ಯಪುಸ್ತಕದ ಚಿತ್ರಗಳು ಮಾಡಿದ ಕೆಲಸ ಅದು!

ಈಗ ಲೆಕ್ಕ ಹಾಕಿಸಿ. ಚಂದ್ರನ ಸರಾಸರಿ ದೂರ ಸುಮಾರು 3,84,400 ಕಿ.ಮೀ., ಭೂಮಿಯ ವ್ಯಾಸ ಸುಮಾರು 12,742 ಕಿ.ಮೀ. ಭಾಗಿಸಿದರೆ ಹೆಚ್ಚುಕಡಿಮೆ 30. ಅಂದರೆ 24 ಸೆಂ.ಮೀ. ಅಗಲದ ಚೆಂಡಿನಿಂದ 7 ಮೀಟರಿಗೂ ಆಚೆ, ಬಹುಶಃ ಎದುರುಗೋಡೆಯ ಹತ್ತಿರ.

ಊಹೆ ತಪ್ಪಿದ್ದರಿಂದಲೇ ಸರಿ ಉತ್ತರ ತಿಳಿಯುವ ಹಟ ಹುಟ್ಟುತ್ತದೆ. ಅಳತೆ ಕುಗ್ಗಿದರೂ ಅನುಪಾತ ಬದಲಾಗದು ಎಂಬುದನ್ನು ಹೆಜ್ಜೆ ಹಾಕಿಯೇ ನೋಡಬಹುದು. ಸೂರ್ಯನನ್ನೂ ಇಡೋಣ ಅಂದವರು ಮಾತ್ರ ಸುಮಾರು 2.8 ಕಿ.ಮೀ. ನಡೆಯಬೇಕು.