ಡಿ ಪುಡಿ ಮುಗಿಯಿತು, ಅಮ್ಮನ ಕಾಲಿಗೆ ಬಲ ಬರಲಿಲ್ಲ

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 11 (ng/mL) ಇತ್ತು. ಡಾಕ್ಟರು ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿ ಎಂಟು ವಾರ ಕೊಟ್ಟರು. ಈಗ 34 ಆಗಿದೆ. ಮೈಕೈ ನೋವು ಇಳಿದಿದೆ, ಆದರೆ ನೆಲದಿಂದ ಏಳಲು, ಬಸ್ ಹತ್ತಲು ಇನ್ನೂ ಕಷ್ಟ. ದಿನಾ ವಾಕಿಂಗ್ ಮಾಡುತ್ತಾರೆ. ಪುಡಿ ಮುಂದುವರಿಸೋಣವೇ?
– ಓದುಗರು, ದಾವಣಗೆರೆ

ಉತ್ತರ: ವಾರದ ಪುಡಿ ಇನ್ನು ಬೇಡ. ಡಿ ಮಟ್ಟ 20ಕ್ಕಿಂತ ಕೆಳಗಿದ್ದಾಗ ತೊಡೆ, ಸೊಂಟದ ಸ್ನಾಯು ಸೋಲಬಹುದು. ಆ ಕೊರತೆ ತುಂಬಿದೆ. ತುಂಬಿದ ಮೇಲೆ ಇನ್ನಷ್ಟು ಸುರಿದರೆ ಸ್ನಾಯು ಬೆಳೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಡಿ ಪಡೆದವರೇ ಹೆಚ್ಚು ಬಿದ್ದರು, ಅವರಲ್ಲೇ ಮೂಳೆ ಮುರಿತವೂ ಹೆಚ್ಚಿತ್ತು! ಇನ್ನು ಮುಂದೆ ಅವರಿಗೆ ಬೇಕಾದದ್ದು ದಿನಕ್ಕೆ 600ರಿಂದ 800 ಯೂನಿಟ್‌ನಷ್ಟು ಸಣ್ಣ ಪ್ರಮಾಣ. ಕ್ಯಾಲ್ಸಿಯಂ ಮಾತ್ರೆಯಲ್ಲೂ ಡಿ ಸೇರಿರುತ್ತದೆ, ಲೇಬಲ್ ನೋಡಿ ಲೆಕ್ಕಕ್ಕೆ ಹಿಡಿಯಿರಿ. ಊಟದ ಜೊತೆ ತೆಗೆದುಕೊಳ್ಳಲಿ. ಜಿಡ್ಡಿನಂಶ ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ.

ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಕೂತಲ್ಲಿಂದ ಮೇಲೇಳಿಸುವ ಸ್ನಾಯುವಿಗೆ ಅದರಿಂದ ಸಾಕಷ್ಟು ಭಾರ ಬೀಳುವುದಿಲ್ಲ. ಮೊದಲು ಅಳೆದು ನೋಡಿ: ಎದೆಯ ಮೇಲೆ ಕೈಕಟ್ಟಿ, ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬಲ ಕುಂದಿದೆ ಎಂದರ್ಥ.

ವ್ಯಾಯಾಮವೂ ಅದೇ. ಕೈಯಿಲ್ಲದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ; ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಸೀಟಿನ ಅಂಚಿಗೆ ಬಂದು, ಪಾದ ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿ ಏಳಬೇಕು. ಏಳುವಾಗ ಉಸಿರು ಬಿಡಬೇಕು. ಬಿಗಿ ಹಿಡಿದರೆ ಬಿಪಿ ಏರುತ್ತದೆ. ಕೂರುವಾಗ ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಬೇಕು. ಹೆಚ್ಚಿನವರು ಇಲ್ಲೇ ಧೊಪ್ಪನೆ ಕುಕ್ಕರಿಸಿಬಿಡುತ್ತಾರೆ, ಅರ್ಧ ಲಾಭ ಅಲ್ಲೇ ಹೋಯಿತು. ಮಂಡಿಗಳು ಒಳಕ್ಕೆ ವಾಲಬಾರದು. ಮೊದಲು ಕಷ್ಟವಾದರೆ ಸೀಟಿನ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿ. 8ರಿಂದ 12 ಸಲ, ಎರಡು ಸುತ್ತು, ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಹನ್ನೆರಡು ಸಲೀಸಾದಾಗ ದಿಂಬು ತೆಗೆಯಿರಿ. ಆಮೇಲೆ ಒಂದು ಲೀಟರ್ ನೀರಿನ ಬಾಟಲಿಯನ್ನು ಎದೆಗೊತ್ತಿ ಹಿಡಿಯಲಿ. ಭಾರ ಏರಿಸದೆ ತಿಂಗಳುಗಟ್ಟಲೆ ಅಷ್ಟೇ ಮಾಡಿದರೆ ಬಲವೂ ಅಲ್ಲೇ ನಿಲ್ಲುತ್ತದೆ. ಜೊತೆಗೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ. ತೊಡೆ ಎರಡು ದಿನ ಹಿಡಿದುಕೊಂಡರೆ ಹೆದರಬೇಡಿ. ಕೀಲು ಊದಿದರೆ, ಎದೆ ಹಿಡಿದರೆ, ತಲೆ ಸುತ್ತಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಮೂತ್ರಪಿಂಡ ಸರಿಯಿದ್ದರೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು: 55 ಕಿಲೋ ಇದ್ದರೆ 55–66 ಗ್ರಾಂ. ಬರೀ ಅನ್ನ–ತಿಳಿಸಾರಿನಲ್ಲಿ ಅದು ಸಿಗದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. 50 ಗ್ರಾಂ ಹುರುಳಿಕಾಳಿನಲ್ಲಿ 11. ಮೂರು ತಿಂಗಳಾದರೂ ಬದಲಾವಣೆ ಇಲ್ಲದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕೊಲೆಸ್ಟರಾಲ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಬೆಳಿಗ್ಗೆ ಏಳರ ಎಳೆಬಿಸಿಲು ಸಾಕಲ್ಲವೇ?
– ಓದುಗರು, ಶಿರಸಿ

ಉತ್ತರ: ಹಿತವಾಗಿರುತ್ತದೆ, ಡಿ ಮಾತ್ರ ಅಷ್ಟಾಗಿ ತಯಾರಾಗದು. ಸೂರ್ಯ ಕೆಳಗಿರುವಾಗ ಅದಕ್ಕೆ ಬೇಕಾದ ಕಿರಣ ವಾತಾವರಣದಲ್ಲೇ ಸೋಸಿಹೋಗುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಕೈಕಾಲಿಗೆ ಬಿಸಿಲು ಬೀಳಲಿ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ.

ಪ್ರಶ್ನೆ: ತಂದೆಯವರು ವಾರದ ಪುಡಿಯನ್ನು ದಿನಕ್ಕೊಂದರಂತೆ ಮೂರು ವಾರ ತೆಗೆದುಕೊಂಡಿದ್ದಾರೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಇಂದೇ ನಿಲ್ಲಿಸಿ, ಕ್ಯಾಲ್ಸಿಯಂ ಮಾತ್ರೆಯನ್ನೂ. ರಕ್ತದಲ್ಲಿ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಪರೀಕ್ಷೆ), ಡಿ ಮಟ್ಟ ಪರೀಕ್ಷಿಸಿಕೊಂಡು ಡಾಕ್ಟರನ್ನು ಕಾಣಿ. ವಾಕರಿಕೆ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಂಕು ಕಾಣಿಸಿದರೆ ಕಾಯಬೇಡಿ, ಆಸ್ಪತ್ರೆಗೇ ಹೋಗಿ. ಡಿ ಕೊಬ್ಬಿನಲ್ಲಿ ಕೂಡಿಕೊಳ್ಳುವುದರಿಂದ ಪುಡಿ ಬಿಟ್ಟ ಮೇಲೂ ಕ್ಯಾಲ್ಸಿಯಂ ವಾರಗಟ್ಟಲೆ ಏರಿಯೇ ಇರಬಹುದು. ಮೊದಲ ಪರೀಕ್ಷೆ ಸರಿಯಿದ್ದರೂ ಡಾಕ್ಟರು ಹೇಳಿದ ದಿನ ಮತ್ತೊಮ್ಮೆ ಮಾಡಿಸಿ.