ಡಾಕ್ಟರನ್ನ ಕೇಳಿ: ಕಂಪಾಲಾಕ್ಕೆ ಬಾಣಂತನಕ್ಕೆ ಹೊರಟಿದ್ದೇವೆ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಗಳು, ಅಳಿಯ ಉಗಾಂಡದ ಕಂಪಾಲಾದಲ್ಲಿದ್ದಾರೆ. ಮಗಳಿಗೆ ಈಗ ಏಳು ತಿಂಗಳು. ಬಾಣಂತನಕ್ಕೆ ನಾನೂ ನಮ್ಮ ಯಜಮಾನರೂ ಹೋಗಿ ಮೂರು ತಿಂಗಳು ಇದ್ದು ಬರಬೇಕು. ನನಗೆ 57, ಅವರಿಗೆ 64. ಅವರಿಗೆ ಶುಗರ್ ಇದೆ, ಇನ್ಸುಲಿನ್ ತಗೋತಾರೆ. ಹೊರಡೋದಕ್ಕೆ ಇನ್ನು ಐದು ವಾರ ಇದೆ. ಹಳದಿ ಜ್ವರದ ಇಂಜೆಕ್ಷನ್ ಕಡ್ಡಾಯ ಅಂತ ಟ್ರಾವೆಲ್ಸ್‌ನವರು ಹೇಳಿದರು. ಅದೊಂದು ಹಾಕಿಸಿಕೊಂಡರೆ ಸಾಕಲ್ವಾ? ನಮ್ಮ ಯಜಮಾನರಂತೂ "ಭದ್ರಾ ನಾಲೆ ಪಕ್ಕ ಹುಟ್ಟಿ ಬೆಳೆದೋನು ನಾನು, ಆಫ್ರಿಕಾದ ಸೊಳ್ಳೆ ನನಗೇನು ಮಾಡುತ್ತೆ" ಅಂತಾರೆ.
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ತಾಯಿ, ಸಾಲದು. ಮೊದಲು ನಿಮ್ಮ ಯಜಮಾನರಿಗೆ ಒಂದು ಕಥೆ ಓದಿ ಹೇಳಿ.

ನಾನು ಮಂಡಿಪೇಟೆ ಹತ್ತಿರ ಕ್ಲಿನಿಕ್ ಇಟ್ಟುಕೊಂಡಿದ್ದಾಗ ಒಬ್ಬ ಹುಡುಗ ಜ್ವರ ಅಂತ ಬಂದ. ಮೂವತ್ತರ ಒಳಗಿನ ವಯಸ್ಸು, ಗಟ್ಟಿ ಆಳು. ಊರಲ್ಲಿ ಆಗ ಡೆಂಗಿ ಜೋರಾಗಿತ್ತು. ಪ್ಯಾರಾಸಿಟಮಾಲ್ ಕೊಟ್ಟು, ಚೆನ್ನಾಗಿ ನೀರು ಕುಡಿ, ಎರಡು ದಿನ ಬಿಟ್ಟು ಬಾ ಅಂದೆ. ಮೂರನೇ ದಿನ ಅವನ ಅಣ್ಣ ಆಟೋದಲ್ಲಿ ಹಾಕಿಕೊಂಡು ಬಂದ. ಕಣ್ಣು ಹಳದಿಯಾಗಿತ್ತು, ಮಾತು ತೊದಲುತ್ತಿತ್ತು. ಆಗ ಕೇಳಿದೆ, ಎಲ್ಲಿಗಾದರೂ ಹೋಗಿದ್ದನಾ ಅಂತ. ಉಗಾಂಡದಿಂದ ಬಂದು ಹನ್ನೆರಡು ದಿನ ಆಗಿತ್ತಂತೆ! ರಕ್ತ ನೋಡಿದರೆ ಫಾಲ್ಸಿಪಾರಂ ಮಲೇರಿಯಾ. ಐಸಿಯುನಲ್ಲಿಟ್ಟು ಆರ್ಟಿಸುನೇಟ್ ಇಂಜೆಕ್ಷನ್ ಕೊಟ್ಟ ಮೇಲೆ ಉಳಿದ. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳದೇ ಇದ್ದದ್ದು ನನ್ನ ತಪ್ಪು. ಅವನ ಜೇಬಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿದ ಕಾರ್ಡ್ ಭದ್ರವಾಗಿತ್ತು. ಮಲೇರಿಯಾ ಮಾತ್ರೆ ಒಂದೂ ನುಂಗಿರಲಿಲ್ಲ.

ಎಲ್ಲರದ್ದೂ ಇದೇ ಕಥೆ. ಏರ್‌ಪೋರ್ಟಿನಲ್ಲಿ ಕೇಳುತ್ತಾರೆ ಅಂತ ಕಾರ್ಡ್ ಮಾಡಿಸುತ್ತಾರೆ. ಮಲೇರಿಯಾ ಮಾತ್ರೆ ತಗೊಂಡಿದ್ದೀರಾ ಅಂತ ಯಾವ ಕೌಂಟರಿನಲ್ಲೂ ಕೇಳುವುದಿಲ್ಲ, ಹಾಗಾಗಿ ಯಾರಿಗೂ ನೆನಪಾಗುವುದಿಲ್ಲ. ನಿಮ್ಮಂಥವರು ಉಗಾಂಡದಲ್ಲಿ ನಿಜಕ್ಕೂ ಹೆದರಬೇಕಾದದ್ದು ಮಲೇರಿಯಾಕ್ಕೇ. ಅದು ಅಲ್ಲಿ ವರ್ಷವಿಡೀ ಇರುತ್ತೆ. ನಮ್ಮ ಕಡೆ ಹೆಚ್ಚಾಗಿ ಕಾಣುತ್ತಿದ್ದದ್ದು ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ, ಮೈ ನಡುಗಿಸಿ ಸುಸ್ತು ಮಾಡುತ್ತೆ. ಅಲ್ಲಿಯದು ಬಹುಪಾಲು ಫಾಲ್ಸಿಪಾರಂ, ಅದು ಮಿದುಳಿಗೂ ಏರುತ್ತೆ, ಕಿಡ್ನಿಯನ್ನೂ ಹಿಡಿಯುತ್ತೆ. ನಾಲೆ ಸೊಳ್ಳೆ ಕಚ್ಚಿದ್ದಕ್ಕೆ ಮೈಗೆ ಬರುವುದು ತುರಿಕೆ, ರಕ್ಷಣೆ ಅಲ್ಲ. ಉಗಾಂಡದಲ್ಲೇ ಹುಟ್ಟಿ ಬೆಳೆದವರಿಗೂ ಕೆಲವು ವರ್ಷ ಹೊರಗಿದ್ದರೆ ಮೈಯಲ್ಲಿರುವ ತಡೆ ಇಳಿದುಹೋಗುತ್ತೆ.

ಮಲೇರಿಯಾಗೂ ಲಸಿಕೆ ಬಂದಿದೆಯಲ್ಲ ಅಂತ ಕೇಳಬಹುದು. ಬಂದಿದೆ, ಒಂದನ್ನು ನಮ್ಮ ಪುಣೆಯಲ್ಲೇ ಮಾಡುತ್ತಾರೆ. ಆದರೆ ಅದು ಅಲ್ಲಿನ ಮಕ್ಕಳಿಗೆ, ಹೋಗಿ ಬರುವ ದೊಡ್ಡವರಿಗಲ್ಲ. ನಿಮಗೆ ಮಾತ್ರೆಯೇ ಗತಿ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೊಂದು. ಹೊರಡುವ ಒಂದೆರಡು ದಿನ ಮುಂಚೆ ಶುರು, ಅಲ್ಲಿರುವಷ್ಟು ದಿನ ತಪ್ಪದೆ, ಊರಿಗೆ ಬಂದ ಮೇಲೂ ನಾಲ್ಕು ವಾರ. ಈ ನಾಲ್ಕು ವಾರದಲ್ಲೇ ಎಲ್ಲರೂ ಕೈ ಬಿಡುವುದು. ಊಟ ಮಾಡಿ, ದೊಡ್ಡ ಲೋಟದ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ. ಇಲ್ಲದಿದ್ದರೆ ಅನ್ನನಾಳ ಸುಟ್ಟ ಹಾಗಾಗುತ್ತೆ. ವಾರಕ್ಕೊಮ್ಮೆ ನುಂಗುವ ಮೆಫ್ಲೊಕ್ವಿನ್ ಕೂಡ ಇದೆ. ಆದರೆ ಫಿಟ್ಸ್ ಇದ್ದವರಿಗೆ, ಮನಸ್ಸಿನ ಕಾಯಿಲೆ ಬಂದು ಹೋದವರಿಗೆ ಅದು ಬೇಡ. ಯಾವುದು ಸರಿ ಅನ್ನೋದನ್ನು ನಿಮ್ಮ ಡಾಕ್ಟರು ಇಬ್ಬರ ಬೇರೆ ಮಾತ್ರೆಗಳನ್ನೂ ನೋಡಿ ಹೇಳಲಿ. ಮೆಡಿಕಲ್ ಸ್ಟೋರಿನ ಹುಡುಗನ ಮಾತು ಕೇಳಬೇಡಿ. ಹಳೆ ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ.

ಮಾತ್ರೆ ಇದ್ದರೂ ಸೊಳ್ಳೆ ಪರದೆ ಬೇಕೇ ಬೇಕು, ಔಷಧಿ ಹಚ್ಚಿದ್ದು. ಮಲೇರಿಯಾ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ತನಕ. ಮಗಳಿಗೂ ಇದನ್ನೇ ಒತ್ತಿ ಹೇಳಿ. ಬಸುರಿಗೆ ಮಲೇರಿಯಾ ಬಂದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ.

ಇನ್ನು ನಿಮ್ಮ ಹಳದಿ ಜ್ವರ. ಇದನ್ನು ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಬೆಂಗಳೂರಿಗೆ ಒಂದು ಓಡಾಟ ಇಟ್ಟುಕೊಳ್ಳಿ, ಮೊದಲು ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಒಂದೇ ಇಂಜೆಕ್ಷನ್. ಆದರೆ ಹಾಕಿಸಿಕೊಂಡ ಹತ್ತು ದಿನದ ಮೇಲೇ ಕಾರ್ಡಿಗೆ ಬೆಲೆ, ಕೊನೆ ವಾರಕ್ಕೆ ಇಟ್ಟುಕೊಂಡರೆ ವಿಮಾನ ತಪ್ಪುತ್ತೆ. ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ಊರಿನ ಹೆಸರು, ಅಪ್ಪನ ಹೆಸರು ಹಿಂದೆ ಮುಂದೆ ಆಗುತ್ತೆ ನೋಡಿ, ಅಲ್ಲೇ ತಗಾದೆ. ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೂ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಸುಮ್ನೆ ಕಾಟ ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಇದೆ. ಡೆಂಗಿ ಹರಡುವುದೂ ಅದೇ.

ನಿಮ್ಮ ಯಜಮಾನರ ವಿಷಯಕ್ಕೆ ಸ್ವಲ್ಪ ಎಚ್ಚರ. ಇದು ಜೀವಂತ ವೈರಸ್ಸನ್ನು ಸಾಧು ಮಾಡಿ ತಯಾರಿಸಿದ ಲಸಿಕೆ. ಅರವತ್ತು ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರಿಗೆ ಗಂಭೀರ ತೊಂದರೆ ಆಗುವುದು ಅಪರೂಪ, ಆದರೂ ಚಿಕ್ಕವರಿಗಿಂತ ಜಾಸ್ತಿ. ಶುಗರ್ ಒಂದೇ ಆದರೆ ಅಡ್ಡಿಯಿಲ್ಲ. ಕೀಲು ನೋವಿಗೆ ಸ್ಟೆರಾಯ್ಡ್ ಅಥವಾ ಮೆಥೊಟ್ರೆಕ್ಸೇಟ್ ತಗೋತಿದ್ದರೆ, ಮೊಟ್ಟೆ ತಿಂದರೆ ಮೈ ಬಾಯುವ ಅಲರ್ಜಿ ಇದ್ದರೆ, ಮುಚ್ಚಿಡದೆ ಹೇಳಿ. ಲಸಿಕೆ ಕೊಡಬಾರದು ಅಂತಾದರೆ ಡಾಕ್ಟರು ಅದನ್ನೇ ಬರೆದುಕೊಡುತ್ತಾರೆ. ಆ ಪತ್ರ ನಡೆಯುತ್ತದಾ ಅಂತ ಉಗಾಂಡದ ರಾಯಭಾರ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಟೈಫಾಯ್ಡ್ ಇಂಜೆಕ್ಷನ್ ಇಬ್ಬರೂ ಹಾಕಿಸಿಕೊಳ್ಳಿ. ಟಿಟಿ, ಅಂದರೆ ಧನುರ್ವಾಯು ಇಂಜೆಕ್ಷನ್, ಹಾಕಿಸಿ ಹತ್ತು ವರ್ಷ ಆಗಿದ್ದರೆ ಟಿಡಿ, ಅದು ಧನುರ್ವಾಯು, ಗಂಟಲಮಾರಿ ಎರಡಕ್ಕೂ ಸೇರಿದ್ದು. ಇವೆರಡೂ ದಾವಣಗೆರೆಯಲ್ಲೇ ಸಿಗುತ್ತವೆ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿನ ಜೊತೆ ಕೆಳಗೆ ಕಳಿಸಿದರೆ ಅಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿ.

ಬಾಣಂತನದವರಿಗೆ ಅಂತಲೇ ಒಂದು ಮಾತು. ಆ ಕಡೆ ಮ್ಯಾಂಗೊ ಫ್ಲೈ ಅಂತ ಒಂದು ನೊಣ ಇದೆ. ಹೊರಗೆ ಒಣಗಲು ಹಾಕಿದ ಒದ್ದೆ ಬಟ್ಟೆಯಲ್ಲಿ ಮೊಟ್ಟೆ ಇಡುತ್ತೆ. ಅದನ್ನು ಉಟ್ಟರೆ ಮರಿಹುಳ ಚರ್ಮದೊಳಗೆ ಹೊಕ್ಕು ಕುರುವಿನ ಹಾಗೆ ಏಳುತ್ತೆ. ಕೂಸಿನ ಲಂಗೋಟಿ, ಕುಲಾವಿ, ಹಾಸುವ ಬಟ್ಟೆ, ಯಾವುದನ್ನೂ ಅಂಗಳದ ತಂತಿಯಿಂದ ಸೀದಾ ತಂದು ಹಾಕಬೇಡಿ. ಹೊಲಿಗೆಯ ಅಂಚು ಬಿಡದೆ ಎರಡೂ ಕಡೆ ಬಿಸಿ ಇಸ್ತ್ರಿ ಹಾಕಿ. ಯಜಮಾನರು ಬೇಸರಕ್ಕೆ ವಿಕ್ಟೋರಿಯಾ ಸರೋವರ ನೋಡಲು ಹೋಗಲಿ, ನೀರಿಗೆ ಮಾತ್ರ ಇಳಿಯುವುದು ಬೇಡ. ಆ ನೀರಿನ ಬಸವನಹುಳುವಿನಿಂದ ಬರುವ ಒಂದು ಜಂತು ಚರ್ಮದ ಮೂಲಕವೇ ಒಳಗೆ ಹೋಗುತ್ತೆ.

ಬಂದ ಮೇಲೆ ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ ಡಾಕ್ಟರು ಕೇಳುವವರೆಗೆ ಕಾಯಬೇಡಿ. "ಆಫ್ರಿಕಾಕ್ಕೆ ಹೋಗಿ ಬಂದಿದ್ದೀವಿ, ಮಲೇರಿಯಾ ರಕ್ತ ನೋಡಿ" ಅಂತ ನೀವೇ ಹೇಳಿ. ನನ್ನಂಥ ಡಾಕ್ಟರು ಇನ್ನೂ ಇರಬಹುದು.

ಪ್ರಶ್ನೆ: ಸಾರ್, ನಾವು ಹಕ್ಕಿಪಿಕ್ಕಿ ಕ್ಯಾಂಪಿನವರು. ಕೂದಲೆಣ್ಣೆ ಮಾರೋದಕ್ಕೆ ಆಫ್ರಿಕಾದ ಗ್ಯಾಬೊನ್‌ಗೆ ಹೋಗಿ ಬರ್ತೀವಿ. ನನ್ನ ಹಳದಿ ಕಾರ್ಡ್ 2013ರದ್ದು, ಹತ್ತು ವರ್ಷ ಅಂತ ಬರೆದಿದೆ. ಮತ್ತೆ ಹಾಕಿಸಬೇಕಾ?
– ಓದುಗರೊಬ್ಬರು, ಚನ್ನಗಿರಿ ತಾಲ್ಲೂಕು

ಉತ್ತರ: ಬೇಡಪ್ಪ. 2016ರ ಜುಲೈ 11ರಿಂದ ನಿಯಮ ಬದಲಾಗಿದೆ. ಒಮ್ಮೆ ಹಾಕಿಸಿದ ಕಾರ್ಡ್ ಜೀವನ ಪೂರ್ತಿ ನಡೆಯುತ್ತೆ, ಹಳೆ ಕಾರ್ಡಿಗೂ ಅದೇ ಲೆಕ್ಕ, ಅದರಲ್ಲಿ ಹತ್ತು ವರ್ಷ ಅಂತ ಬರೆದಿದ್ದರೂ ಸರಿ. ಮೂಲ ಕಾರ್ಡನ್ನೇ ಒಯ್ಯಬೇಕು, ಮೊಬೈಲಿನಲ್ಲಿ ಫೋಟೊ ಇದ್ದರೆ ಸಾಲದು. ಮತ್ತೆ, ಮೇಲೆ ಆ ತಾಯಿಗೆ ಬರೆದ ಮಾತ್ರೆ ವಿಷಯ ನಿನಗೂ ಸೇರಿದ್ದು. ಗ್ಯಾಬೊನ್‌ನಲ್ಲೂ ಅದೇ ಮಲೇರಿಯಾ.